ನಮ್ಮ ಕಾಲೇಜುಗಳಲ್ಲಿ ಜರ್ಮನ್ ಭಾಷೆ ಏಕೆ ಬೇಕು?

ಕಳೆದ ವರ್ಷ ಗೋಕಾಕದ ನಮ್ಮ ತರಗತಿಯಲ್ಲಿ ಕ್ವಾಂಟಂ ಸಿದ್ಧಾಂತದ ಪಾಠವನ್ನು ಹೇಳುತ್ತ, ಕರಿಹಲಗೆಯ ಮೇಲೆ ‘ಐಗನ್ ವ್ಯಾಲ್ಯೂ’ ಎಂದು ಬರೆದೆನು. ಮೂಡಲಗಿಯ ಕಡೆಯಿಂದ ದಿನವೂ ಬಸ್ಸಿನಲ್ಲಿ ಬರುವ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, “ಸರ್, ವ್ಯಾಲ್ಯೂ ಅಂದ್ರ ಬೆಲೆ ಅಂತ ಗೊತ್ತದ. ಈ ಐಗನ್ ಅಂದ್ರ ಏನ್ರಿ? ಇದು ಇಂಗ್ಲಿಷ್ ಹೌದೇನ್ರಿ?” ಎಂದು ಕೇಳಿದನು. ಅದು ಜರ್ಮನ್ ಶಬ್ದವೆಂದೂ, ‘ತನ್ನದೇ ಆದ’ ಎಂಬುದು ಅದರ ಅರ್ಥವೆಂದೂ ತಿಳಿಸಿದೆನು. “ಹಂಗಾದ್ರ ಸ್ವಂತ ಬೆಲೆ ಅನ್ರಿ!” ಎಂದು ಹಿಂದಿನ ಬೆಂಚಿನಿಂದ ಮತ್ತೊಬ್ಬನು ಕೂಗಿದನು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆನು. ಆದರೆ ಪರಮಾಣುವಿನಂತಹ ವ್ಯವಸ್ಥೆಯೊಂದಕ್ಕೆ ಸಹಜವಾಗಿ ಸಲ್ಲುವ ನಿಗದಿತ ಬೆಲೆಗಳು ಎಂಬ ಭಾವವನ್ನು ನಾನು ಅರ್ಧ ತಾಸು ವಿವರಿಸಿಯೂ ಮುಟ್ಟಿಸಲಾರದೆ ಇದ್ದೆನು. ಆ ಹುಡುಗನ ಎರಡು ಮಾತು ಅದನ್ನು ಒಂದೇ ಕ್ಷಣದಲ್ಲಿ ಮುಟ್ಟಿಸಿತ್ತು.

ಗೋಕಾಕ, ಮೂಡಲಗಿ, ಹುಕ್ಕೇರಿಗಳಂತಹ ಊರುಗಳ ಕಾಲೇಜುಗಳಲ್ಲಿ ವಿಜ್ಞಾನದ ವಿದ್ಯಾರ್ಥಿಗಳಿಗೆ ಜರ್ಮನ್ ಭಾಷೆಯನ್ನೂ ಆ ಜನರ ಸಂಸ್ಕೃತಿಯನ್ನೂ ಐಚ್ಛಿಕವಾಗಿ ಕಲಿಸಬೇಕೆಂಬುದು ನನ್ನ ಅಭಿಪ್ರಾಯ. ಇದನ್ನು ಕೇಳಿ ಕೆಲವು ಹಿರಿಯರು ಹುಬ್ಬು ಗಂಟಿಕ್ಕುವುದುಂಟು. ಕೆಲವು ವರ್ಷಗಳ ಹಿಂದೆ ನಾನೂ ಅವರಂತೆಯೇ ಇದ್ದೆನೆಂಬುದನ್ನು ಮುಂದೆ ನಿವೇದಿಸುತ್ತೇನೆ.

ಮೊದಲು ಇತಿಹಾಸವನ್ನು ನೋಡೋಣ. ೧೮೯೫ರಲ್ಲಿ ರಾಂಟ್‌ಜನ್ನನು ಕ್ಷಕಿರಣಗಳನ್ನು ಕಂಡುಹಿಡಿದುದು, ೧೯೦೦ರಲ್ಲಿ ಪ್ಲಾಂಕನು ಶಕ್ತಿಯ ಕಣವಾದವನ್ನು ಮುಂದಿಟ್ಟುದು, ೧೯೦೫ರಲ್ಲಿ ಐನ್‌ಸ್ಟೈನನು ಸಾಪೇಕ್ಷತೆಯನ್ನು ಪ್ರತಿಪಾದಿಸಿದುದು, ೧೯೨೫ರಲ್ಲಿ ಹೈಸನ್‌ಬರ್ಗನು ಹೊಸ ಯಂತ್ರಶಾಸ್ತ್ರಕ್ಕೆ ತಳಹದಿ ಹಾಕಿದುದು, ಇವೆಲ್ಲವೂ ಮೊದಲು ಬೆಳಕು ಕಂಡುದು ಜರ್ಮನ್ ಭಾಷೆಯಲ್ಲಿ. ಕಲಕತ್ತೆಯಲ್ಲಿ ಆಗಿನ್ನೂ ಮೂವತ್ತು ತುಂಬದಿದ್ದ ಇಬ್ಬರು ಅಧ್ಯಾಪಕರು, ಮೇಘನಾದ ಸಾಹಾ ಮತ್ತು ಸತ್ಯೇಂದ್ರನಾಥ ಬೋಸರು, ಜರ್ಮನ್ ಕಲಿತು ಐನ್‌ಸ್ಟೈನ್ ಮತ್ತು ಮಿಂಕೋವ್‌ಸ್ಕಿಯವರ ಮೂಲ ಲೇಖನಗಳನ್ನು ಇಂಗ್ಲಿಷಿಗೆ ಅನುವಾದಿಸಿದರು; ಆ ಪುಸ್ತಕವನ್ನು ಕಲಕತ್ತಾ ವಿಶ್ವವಿದ್ಯಾಲಯವು ೧೯೨೦ರಲ್ಲಿ ಪ್ರಕಟಿಸಿತು. ೧೯೨೪ರಲ್ಲಿ ಬೋಸರು ಢಾಕಾದಿಂದ ತಮ್ಮ ಇಂಗ್ಲಿಷ್ ಲೇಖನವೊಂದನ್ನು ಐನ್‌ಸ್ಟೈನನಿಗೆ ಕಳುಹಿಸುತ್ತ, ಅದನ್ನು ಅನುವಾದಿಸುವಷ್ಟು ಜರ್ಮನ್ ತಮಗೆ ಬಾರದೆಂದು ಸಂಕೋಚವಿಲ್ಲದೆ ಬರೆದರು. ಐನ್‌ಸ್ಟೈನನೇ ಅದನ್ನು ಅನುವಾದಿಸಿ ಜರ್ಮನ್ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದನು. ಓದಿ ತಿಳಿಯುವಷ್ಟು ಭಾಷೆ ಬಂದರೂ ಎಷ್ಟು ದೂರ ಸಾಗಬಹುದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

“ಅದೆಲ್ಲ ಹಳೆಯ ಮಾತು, ಈಗ ಭೌತವಿಜ್ಞಾನದ ಸಂಶೋಧನೆಗಳು ಇಂಗ್ಲಿಷಿನಲ್ಲಿಯೇ ಪ್ರಕಟವಾಗುತ್ತವೆಯಲ್ಲ?” ಎಂದು ವಾಚಕರು ಕೇಳಬಹುದು. ನಿಜ. ಆದರೆ ಆ ಬದಲಾವಣೆ ಏಕಾಯಿತೆಂಬುದೇ ಒಂದು ಪಾಠ. ೧೯೩೩ರ ಏಪ್ರಿಲ್ ತಿಂಗಳಲ್ಲಿ ಹಿಟ್ಲರನ ಸರಕಾರವು ಯೆಹೂದ್ಯರನ್ನು ಸರಕಾರಿ ಸೇವೆಯಿಂದ ಹೊರದೂಡುವ ಕಾನೂನನ್ನು ಮಾಡಿತು. ಗೊಟಿಂಗೆನ್ನಿನಲ್ಲಿ ಪ್ರಾಧ್ಯಾಪಕನಾಗಿದ್ದ ಮ್ಯಾಕ್ಸ್ ಬಾರ್ನನು ಹುದ್ದೆಯನ್ನು ಕಳೆದುಕೊಂಡು, ರಾಮನ್ನರ ಆಹ್ವಾನದ ಮೇರೆಗೆ ೧೯೩೫ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಕೆಲವು ತಿಂಗಳು ಕೆಲಸ ಮಾಡಿದನು. ಪರಮಾಣು ವಿದಳನವನ್ನು ಅರ್ಥೈಸಿದ ಲೀಸ್ ಮೈಟ್ನರಳು ೧೯೩೮ರಲ್ಲಿ ದೇಶವನ್ನೇ ಬಿಟ್ಟು ಓಡಬೇಕಾಯಿತು. ತನ್ನ ಜಾಣರನ್ನು ಜಾತಿ ನೋಡಿ ಅಟ್ಟಿದ ನಾಡು, ವಿಜ್ಞಾನದಲ್ಲಿ ತನ್ನ ಭಾಷೆಗಿದ್ದ ಹಿರಿಯ ಸ್ಥಾನವನ್ನೂ ಅವರೊಡನೆ ಹೊರಗಟ್ಟಿತು. ಆ ಅಪರಾಧವನ್ನು ಇಂದು ಜರ್ಮನರು ತಮ್ಮ ಶಾಲೆಯ ಮಕ್ಕಳಿಗೆ ಮುಚ್ಚಿಡದೆ ಕಲಿಸುತ್ತಾರೆ. ಸಂಸ್ಕೃತಿಯ ಅಭ್ಯಾಸವೆಂದರೆ ಸಂಗೀತ, ಹಬ್ಬ, ಊಟಗಳ ಪರಿಚಯವಷ್ಟೇ ಅಲ್ಲ. ಒಂದು ಜನಾಂಗವು ತನ್ನ ತಪ್ಪನ್ನು ಹೇಗೆ ನೋಡಿಕೊಳ್ಳುತ್ತದೆಂಬುದನ್ನು ಅರಿಯುವುದೂ ಹೌದು.

ಇನ್ನು ಭಾಷೆಯ ಮಾತು. ಜರ್ಮನ್ ಕಲಿಯಬೇಕೆಂಬುದಕ್ಕೆ ನನ್ನ ಮುಖ್ಯ ಕಾರಣ ಇಲ್ಲಿದೆ. ಹೈಡ್ರೋಜನ್ನಿಗೆ ಜರ್ಮನರು ‘ವಸ್ಸರ್‌ಷ್ಟೋಫ್’ ಎನ್ನುತ್ತಾರೆ. ಎಂದರೆ ನೀರಿನ ವಸ್ತು. ಆಕ್ಸಿಜನ್ ‘ಜ಼ೌಅರ್‌ಷ್ಟೋಫ್’, ಹುಳಿಯ ವಸ್ತು. ಕಾರ್ಬನ್ ‘ಕೋಲನ್‌ಷ್ಟೋಫ್’, ಇದ್ದಿಲಿನ ವಸ್ತು. ನೈಟ್ರೋಜನ್ ‘ಷ್ಟಿಕ್‌ಷ್ಟೋಫ್’, ಉಸಿರು ಕಟ್ಟಿಸುವ ವಸ್ತು. ವೇಗವಾಗಿ ಬಂದ ಇಲೆಕ್ಟ್ರಾನು ಲೋಹದಲ್ಲಿ ಹೊಕ್ಕು ತಡೆಯಲ್ಪಟ್ಟಾಗ ಹೊರಡುವ ಕ್ಷಕಿರಣಕ್ಕೆ ‘ಬ್ರೆಮ್ಸ್‌ಷ್ಟ್ರಾಲುಂಗ್’ ಎಂದು ಹೆಸರು. ಬಂಡಿಗೆ ಹಾಕುವ ಬ್ರೇಕೂ ವಿಕಿರಣವೂ ಕೂಡಿದ ಸಮಾಸವದು. ಇಂಗ್ಲಿಷರು ಅದನ್ನು ಹಾಗೆಯೇ ಎತ್ತಿಕೊಂಡರು. ನಮ್ಮ ವಿದ್ಯಾರ್ಥಿಯು ಅರ್ಥವರಿಯದೆ ಬಾಯಿಪಾಠ ಮಾಡುತ್ತಾನೆ. ಪರಮಾಣು ಸಂಖ್ಯೆಯನ್ನು ‘ಝಡ್’ ಅಕ್ಷರದಿಂದ ಸೂಚಿಸುವುದೂ ‘ತ್ಸಾಲ್’, ಎಂದರೆ ಸಂಖ್ಯೆ, ಎಂಬ ಜರ್ಮನ್ ಶಬ್ದದಿಂದ ಬಂದ ರೂಢಿ.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಎಲ್ಲ ಆಮ್ಲಗಳಲ್ಲಿಯೂ ಆಕ್ಸಿಜನ್ ಇರುತ್ತದೆಂದು ಹದಿನೆಂಟನೆಯ ಶತಮಾನದಲ್ಲಿ ಲವಾಸಿಯೆ ತಪ್ಪಾಗಿ ಎಣಿಸಿ ಅದಕ್ಕೆ ಗ್ರೀಕ್ ಮೂಲದ ಆ ಹೆಸರನ್ನಿಟ್ಟನು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೆಂಬುದು ಈಗ ಶಾಲೆಯ ಹುಡುಗನಿಗೂ ಗೊತ್ತು. ಗ್ರೀಕ್ ಬಾರದವನಿಗೆ ‘ಆಕ್ಸಿಜನ್’ ಎಂಬಲ್ಲಿ ಆ ತಪ್ಪು ಕಾಣುವುದಿಲ್ಲ. ‘ಹುಳಿಯ ವಸ್ತು’ ಎಂಬಲ್ಲಿ ಕಾಣುತ್ತದೆ. ನಮ್ಮ ‘ಆಮ್ಲಜನಕ’ದಲ್ಲಿಯೂ ಕಾಣುತ್ತದೆ. ಮನೆಯ ಮಾತಿನಲ್ಲಿ ಹೇಳಿದ ವಿಜ್ಞಾನವನ್ನು ಸಾಮಾನ್ಯನೂ ಪರೀಕ್ಷಿಸಬಲ್ಲನು. ಕನ್ನಡದಲ್ಲಿ ವಿಜ್ಞಾನವನ್ನು ಹೇಳಲು ಬಾರದೆಂದು ನಂಬಿರುವ ನಮ್ಮ ಹಳ್ಳಿಯ ಹುಡುಗನು, ಪ್ಲಾಂಕ್ ಐನ್‌ಸ್ಟೈನರ ಭಾಷೆಯು ನೀರು, ಹುಳಿ, ಇದ್ದಿಲುಗಳಿಂದಲೇ ಶಾಸ್ತ್ರವನ್ನು ಕಟ್ಟಿತೆಂಬುದನ್ನು ಕಂಡರೆ, ತನ್ನ ಮಾತಿನ ಬಗೆಗೆ ಅವನಿಗಿರುವ ಕೀಳರಿಮೆ ತಾನಾಗಿ ಕರಗೀತು.

ವ್ಯಾಕರಣವೂ ಭಯಪಡುವಷ್ಟು ಪರಕೀಯವಲ್ಲ. ‘ಅವನು ನಾಳೆ ಬರುತ್ತಾನೆಂದು’ ಎಂಬಂತಹ ಉಪವಾಕ್ಯದಲ್ಲಿ ಜರ್ಮನರೂ ನಮ್ಮಂತೆಯೇ ಕ್ರಿಯಾಪದವನ್ನು ಕೊನೆಗಿಡುತ್ತಾರೆ. ಇಪ್ಪತ್ತೊಂದನ್ನು ‘ಒಂದು ಮತ್ತು ಇಪ್ಪತ್ತು’ ಎನ್ನುವ ಅವರ ರೀತಿಯು ಸಂಸ್ಕೃತದ ‘ಏಕವಿಂಶತಿ’ಯನ್ನು ನೆನಪಿಗೆ ತರುತ್ತದೆ. ಕಷ್ಟವಿರುವುದು ಲಿಂಗದಲ್ಲಿ. ಹುಡುಗಿ ಎಂಬ ಶಬ್ದ ಅಲ್ಲಿ ನಪುಂಸಕಲಿಂಗ! ಆದರೆ ಹೆಂಡತಿ ಎಂಬರ್ಥದ ‘ಕಲತ್ರ’ವು ಸಂಸ್ಕೃತದಲ್ಲಿ ನಪುಂಸಕವೆಂದು ಬಲ್ಲವರು ಇದಕ್ಕೆ ಬೆರಗಾಗಲಾರರು.

ಅತ್ತಣ ಜನ ನಮ್ಮ ಭಾಷೆಯನ್ನು ಕಲಿತ ಬಗೆಯೂ ನಮ್ಮ ಮುಂದಿದೆ. ಬಾಸೆಲ್ ಮಿಷನ್ನಿನವರು ೧೮೩೭ರಲ್ಲಿ ನಮ್ಮ ನೆರೆಯ ಧಾರವಾಡಕ್ಕೆ ಬಂದರು. ಅವರಲ್ಲೊಬ್ಬನಾದ ಮೋಗ್ಲಿಂಗನು ೧೮೪೩ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದನು. ೧೮೫೩ರಲ್ಲಿ ಬಂದ ಕಿಟ್ಟೆಲನು ‘ಶಬ್ದಮಣಿದರ್ಪಣ’, ‘ಛಂದೋಂಬುಧಿ’ಗಳನ್ನು ಸಂಪಾದಿಸಿ, ೧೮೯೪ರಲ್ಲಿ ತನ್ನ ಹಿರಿಯ ನಿಘಂಟನ್ನು ಪ್ರಕಟಿಸಿದನು. ಅವರು ಬಂದುದು ಧರ್ಮಪ್ರಚಾರಕ್ಕಾಗಿ; ಅದು ಬೇರೆ ವಿಷಯ. ಆದರೆ ಬೇರೆಯವರ ಭಾಷೆಯನ್ನು ಕಲಿಯುವುದೆಂದರೆ ಅದರ ಬೇರಿನವರೆಗೆ ಇಳಿಯುವುದು ಎಂಬುದನ್ನು ಆ ನಿಘಂಟಿನ ಪುಟಪುಟವೂ ಸಾರುತ್ತದೆ.

ಈಗ ನನ್ನ ತಪ್ಪನ್ನು ಹೇಳುತ್ತೇನೆ. ಆರು ವರ್ಷಗಳ ಹಿಂದೆ ಹುಕ್ಕೇರಿ ತಾಲೂಕಿನ ಹಳ್ಳಿಯೊಂದರ ವಿದ್ಯಾರ್ಥಿನಿಯು, ಮುಂದೆ ಜರ್ಮನಿಯಲ್ಲಿ ಓದುವ ಆಸೆಯಿದೆಯೆಂದೂ, ಈಗಿನಿಂದಲೇ ಆ ಭಾಷೆಯನ್ನು ಕಲಿಯಲೇ ಎಂದೂ ನನ್ನನ್ನು ಕೇಳಿದಳು. “ಅಲ್ಲಿ ಎಂ.ಎಸ್ಸಿ. ಪಾಠಗಳು ಇಂಗ್ಲಿಷಿನಲ್ಲಿಯೂ ನಡೆಯುತ್ತವೆ, ಇಂಗ್ಲಿಷ್ ಸಾಕು, ಗಣಿತವನ್ನು ಗಟ್ಟಿ ಮಾಡಿಕೋ” ಎಂದು ಉತ್ತರಿಸಿದೆನು. ಅವಳು ಹೋದಳು, ಓದಿದಳು, ತೇರ್ಗಡೆಯಾದಳು. ಬಳಿಕ ಒಂದು ದಿನ ಅವಳ ಪತ್ರ ಬಂದಿತು. ಪ್ರಯೋಗಶಾಲೆಯಲ್ಲಿ ಇಂಗ್ಲಿಷ್ ಸಾಕಾಯಿತು. ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಊಟದ ಮೇಜಿನಲ್ಲಿ ಸಾಲದಾಯಿತು. ಉದ್ಯೋಗ ಕೇಳಿಕೊಂಡು ಹೋದಲ್ಲೆಲ್ಲ ಮೊದಲ ಪ್ರಶ್ನೆ ಭಾಷೆಯದೇ ಆಯಿತು. ಸಾಲದ ಕಂತುಗಳು ಕಾದಿರುವಾಗ, ಸಂಜೆಯ ತರಗತಿಯಲ್ಲಿ ಕುಳಿತು ಅಕ್ಷರದಿಂದ ಆರಂಭಿಸಿರುವೆನೆಂದು ಅವಳು ಬರೆದಿದ್ದಳು. ನನ್ನ ಮೇಲೆ ಒಂದು ಮಾತಿನ ದೂರನ್ನೂ ಹೊರಿಸಿರಲಿಲ್ಲ. ಅದರಿಂದಲೇ ಆ ಪತ್ರ ನನ್ನನ್ನು ಹೆಚ್ಚು ಚುಚ್ಚಿತು.

ನನ್ನ ತಪ್ಪಿಗೆ ವಿರುದ್ಧವಾದ ತಪ್ಪೂ ಒಂದುಂಟು. ಕೆಲವೇ ವಾರಗಳಲ್ಲಿ ಜರ್ಮನ್ ಕಲಿಸಿ ವಿಮಾನ ಹತ್ತಿಸುತ್ತೇವೆಂಬ ಜಾಹೀರಾತುಗಳನ್ನು ನಂಬಿ ಹಣ ಕಟ್ಟುವವರಿದ್ದಾರೆ. ಇಲ್ಲಿ ಸರಳವಾದ ಲೆಕ್ಕವೇ ಸಾಕು. ವೃತ್ತಿಗೆ ಸಾಮಾನ್ಯವಾಗಿ ಕೇಳುವ ‘ಬಿ-೨’ ಮಟ್ಟವನ್ನು ಮುಟ್ಟಲು ಮುಕ್ಕಾಲು ತಾಸಿನ ಸುಮಾರು ೬೦೦ರಿಂದ ೮೦೦ ಪಾಠಗಳು ಬೇಕಾಗುತ್ತವೆ. ಕಾಲೇಜಿನಲ್ಲಿ ವಾರಕ್ಕೆ ೪ ಪಾಠ, ಸೆಮಿಸ್ಟರಿಗೆ ೧೬ ವಾರ ಎಂದು ಹಿಡಿದರೆ ೬೪ ಪಾಠಗಳಾದವು. ಆರು ಸೆಮಿಸ್ಟರಿಗೆ ೩೮೪. ಎಂದರೆ ಮೂರು ವರ್ಷ ಶ್ರದ್ಧೆಯಿಂದ ಕಲಿತವನು ಅರ್ಧದಾರಿಯನ್ನು ಕ್ರಮಿಸಿರುತ್ತಾನೆ, ಅದೂ ಮನೆಯ ಊಟವನ್ನುಣ್ಣುತ್ತ. ಅಲ್ಲಿನ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಹಲವೆಡೆ ಬೋಧನಶುಲ್ಕವಿಲ್ಲವೆಂಬುದು ನಿಜ; ಆದರೆ ವಿದ್ಯಾರ್ಥಿಯು ಒಂದು ವರ್ಷದ ಜೀವನವೆಚ್ಚವೆಂದು ೧೧,೯೦೪ ಯೂರೋಗಳನ್ನು ಮುಂಚಿತವಾಗಿಯೇ ತೋರಿಸಬೇಕೆಂದು ೨೦೨೪ರಲ್ಲಿ ಗೊತ್ತುಪಡಿಸಿದರು. ಅದು ಹತ್ತು ಲಕ್ಷ ರೂಪಾಯಿಗಳನ್ನು ಮೀರುತ್ತದೆ. ಈ ಸಂಗತಿಗಳನ್ನು ವಿದ್ಯಾರ್ಥಿಯು ದಲ್ಲಾಳಿಯ ಬಾಯಿಂದಲ್ಲ, ಅಧ್ಯಾಪಕನ ಬಾಯಿಂದ ಕೇಳಬೇಕು.

ಇಂಗ್ಲಿಷೇ ಸರಿಯಾಗಿ ಬಾರದ ಮಕ್ಕಳಿಗೆ ಮೂರನೆಯ ಹೊರೆ ಏಕೆಂದು ಕೇಳುವವರಿಗೆ ನಾನು ಹೇಳುವುದಿಷ್ಟೆ: ಇದು ಐಚ್ಛಿಕ, ಬೇಕೆಂದವನಿಗೆ ಮಾತ್ರ. ನಮ್ಮ ಮಕ್ಕಳಿಗೆ ಇಂಗ್ಲಿಷ್ ಕಠಿಣವಾಗಲು ಒಂದು ಕಾರಣ, ಬರೆದುದನ್ನು ಒಂದು ಬಗೆಯಾಗಿಯೂ ಓದುವುದನ್ನು ಮತ್ತೊಂದು ಬಗೆಯಾಗಿಯೂ ಕಲಿಯಬೇಕಾದುದು. ಜರ್ಮನ್ನಿನಲ್ಲಿ ಬಹುಮಟ್ಟಿಗೆ ಬರೆದಂತೆಯೇ ಓದುತ್ತಾರೆ. ಕನ್ನಡದ ಹುಡುಗನಿಗೆ ಅದು ಸಮಾಧಾನದ ಸಂಗತಿ.

ಕಲಿಸುವವರೆಲ್ಲಿ ಎಂಬ ಪ್ರಶ್ನೆ ಉಳಿಯಿತು. ಒಂದೊಂದು ಕಾಲೇಜಿಗೆ ಒಬ್ಬ ಅಧ್ಯಾಪಕನನ್ನು ತರಲು ಸಾಧ್ಯವಾಗದು. ಮೂರು ಊರುಗಳು ಕೂಡಿ ಒಬ್ಬರನ್ನು ತರಬಹುದು. ಎರಡು ದಿನ ಗೋಕಾಕ, ಎರಡು ದಿನ ಮೂಡಲಗಿ, ಎರಡು ದಿನ ಹುಕ್ಕೇರಿ. ಕೊನೆಯ ಪರೀಕ್ಷೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಜರ್ಮನ್ ವಿಜ್ಞಾನ ಬರಹದ ಒಂದು ಪುಟವನ್ನು, ಇಂಗ್ಲಿಷಿನ ಹಂಗಿಲ್ಲದೆ, ನೇರವಾಗಿ ಕನ್ನಡಕ್ಕೆ ತರಬೇಕು. ಹೋಗುವವನು ಹೋಗಲಿ, ಹೋಗುವ ಮುನ್ನ ನಮ್ಮ ಭಾಷೆಗೆ ಒಂದು ಪುಟವನ್ನು ಕೊಟ್ಟು ಹೋಗಲಿ.

ಕೂಡಿ ಮಾಡುವುದು ನಮ್ಮ ಸೀಮೆಗೆ ಹೊಸದೇನಲ್ಲ. ಗೋಕಾಕದ ಜಲಪಾತದ ಬಲದಿಂದ ಹತ್ತಿಯ ಗಿರಣಿಯನ್ನು ನಡೆಸಿದುದು ಹತ್ತೊಂಬತ್ತನೆಯ ಶತಮಾನದಷ್ಟು ಹಿಂದಿನ ಮಾತು. ಯಂತ್ರ ಹೊರಗಿನದು, ನೀರು ಘಟಪ್ರಭೆಯದು. ೧೯೬೯ರಲ್ಲಿ ಹುಕ್ಕೇರಿಯವರು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವನ್ನು ಕಟ್ಟಿ, ಹಳ್ಳಿಹಳ್ಳಿಗೆ ದೀಪವನ್ನು ತಾವೇ ಹಂಚಿಕೊಳ್ಳುವ ಏರ್ಪಾಡು ಮಾಡಿದರು. ದೀಪವನ್ನು ಹಂಚಿಕೊಂಡ ಜನ ಒಬ್ಬ ಅಧ್ಯಾಪಕನನ್ನು ಹಂಚಿಕೊಳ್ಳಲಾರರೆ?