ತಕ್ಕಡಿಗೆ ಮುದ್ರೆ ಬೇಕು, ಡಿಸ್ಕಿಗೆ ಬೇಡವೇ?

ಸಂಜೆ ಏಳು ಗಂಟೆ. ಬಸ್ ಸ್ಟ್ಯಾಂಡ್ ಪಕ್ಕದ ಒಂದು ಬಟ್ಟೆ ಅಂಗಡಿ. ಗಲ್ಲಾದ ಮುಂದೆ ಹತ್ತು ಜನ ನಿಂತಿದ್ದಾರೆ. ಬಿಲ್ಲು ಬರುತ್ತಿಲ್ಲ. ಕಂಪ್ಯೂಟರ್ ಪರದೆಯ ಮೇಲೆ ಚಕ್ರ ಗಿರಗಿರ ತಿರುಗುತ್ತಿದೆ. ಹೊರಗೆ ಹಳ್ಳಿಯ ಕಡೆ ಹೊರಟ ಬಸ್ಸು ಹಾರ್ನ್ ಹೊಡೆಯುತ್ತಿದೆ. “ಬೇಗ ಹಾಕಮ್ಮಾ, ಬಸ್ಸು ಹೋಗ್ತದೆ” ಎನ್ನುತ್ತಾನೆ ಗಿರಾಕಿ. “ಏನಮ್ಮಾ, ನಿದ್ದೆ ಮಾಡ್ತಾ ಇದೀಯಾ?” ಎಂದು ಒಳಗಿನಿಂದ ಸಾಹುಕಾರರ ಗದರಿಕೆ. ಗಿರಾಕಿ ಸೀರೆಯನ್ನು ಅಲ್ಲೇ ಬಿಟ್ಟು ಬಸ್ಸಿಗೆ ಓಡಿದ. ವ್ಯಾಪಾರ ಹೋಯಿತು. ಬೈಗುಳ ತಿಂದವಳು ಬಿಲ್ಲು ಹಾಕುವ ಹುಡುಗಿ.

ಮರುದಿನ ಕಂಪ್ಯೂಟರ್ ಮಾರುವವನು ಬಂದ. ಯಂತ್ರವನ್ನು ಒಮ್ಮೆ ಮುಟ್ಟಿ ನೋಡಿ, “ಹಳೇದಾಯ್ತು ಸಾರ್, ಹೊಸಾದು ಹಾಕ್ಸಿ, ನಲವತ್ತು ಸಾವಿರ ಆಗ್ತದೆ” ಅಂದ. ಸಾಹುಕಾರರು ಒಪ್ಪಿಯೂಬಿಟ್ಟಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಅಂದರೆ ಇದೇ.

ಸರಕು ಎಲ್ಲಿದೆ?

ಲೆಕ್ಕಪತ್ರ ಇರುವ ಜಾಗ ಎರಡು ಬಗೆ. ಒಂದು, ಕಂಪ್ಯೂಟರಿನ ಒಳಗೇ ಇರುವ ಡಿಸ್ಕು. ಇನ್ನೊಂದು, ಒಳಕೋಣೆಯ ಡಬ್ಬದಲ್ಲಿದ್ದು ತಂತಿಯ ಮೂಲಕ ಎಲ್ಲ ಕಂಪ್ಯೂಟರುಗಳಿಗೂ ಸಿಗುವ ಡಿಸ್ಕು. ಮೊದಲನೆಯದು ಅಂಗಡಿಯ ಕಪಾಟು ಇದ್ದ ಹಾಗೆ. ಎರಡನೆಯದು ಊರಾಚೆಯ ಗೋಡೌನು. ಗೋಡೌನಿನಿಂದ ಸರಕು ತಡವಾದರೆ ತಪ್ಪು ಗೋಡೌನಿನದೋ, ರಸ್ತೆಯದೋ, ಲಾರಿಯದೋ? ನೋಡದೆ ಹೇಳುವುದು ಹೇಗೆ?

ರಸ್ತೆಯ ಲೆಕ್ಕ ಹೀಗಿದೆ. ನೆಟ್‌ವರ್ಕಿನ ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತಾರೆ, ಡಿಸ್ಕಿನದನ್ನು ಬೈಟ್‌ಗಳಲ್ಲಿ. 8 ಬಿಟ್ ಸೇರಿದರೆ 1 ಬೈಟ್. ಹೀಗಾಗಿ 1 ಗಿಗಾಬಿಟ್ ದಾರಿಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 125 ಮೆಗಾಬೈಟ್. ಕೈಗೆ ಸಿಗುವುದು 110ರ ಆಸುಪಾಸು. ಹಳೆಯ 100 ಮೆಗಾಬಿಟ್ ದಾರಿಯಲ್ಲಿ ಸಿಗುವುದು 11 ಅಥವಾ 12, ಅಷ್ಟೇ. ಡಬ್ಬದೊಳಗೆ ಸೆಕೆಂಡಿಗೆ 550 ಮೆಗಾಬೈಟ್ ಓದುವ ಎಸ್‌ಎಸ್‌ಡಿ ಕೂರಿಸಿದರೂ ಈ ಕಿರುದಾರಿಯಲ್ಲಿ ಬರುವುದು ಅದೇ 11.

22,000 ಮೆಗಾಬೈಟಿನ ಒಂದು ದೊಡ್ಡ ಫೈಲು ಗಿಗಾಬಿಟ್ ದಾರಿಯಲ್ಲಿ ಸುಮಾರು 200 ಸೆಕೆಂಡಿನಲ್ಲಿ ದಾಟುತ್ತದೆ. ಹಳೆಯ ದಾರಿಯಲ್ಲಿ 2,000 ಸೆಕೆಂಡು, ಅಂದರೆ ಅರ್ಧ ಗಂಟೆಗೂ ಮೇಲೆ. ಇದನ್ನು ನೋಡಲು ಕೈಗಡಿಯಾರ ಸಾಕು.

ನಾನ್‌ಸ್ಟಾಪ್ ಬಸ್ಸು, ಷಟಲ್ ಬಸ್ಸು

ಡಿಸ್ಕಿನ ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿ ನಾನ್‌ಸ್ಟಾಪ್ ಬಸ್ಸಿನದು: ಒಂದೇ ದೊಡ್ಡ ಫೈಲು, ಎಲ್ಲೂ ನಿಲ್ಲದ ಓಟ. ಅಂಗಡಿಯ ಕೆಲಸ ಕೈ ತೋರಿಸಿದಲ್ಲೆಲ್ಲ ನಿಲ್ಲುವ ಬಸ್ಸಿನದು. ಇಲ್ಲೊಂದು ಗಿರಾಕಿಯ ಹೆಸರು, ಅಲ್ಲೊಂದು ಮಾಲಿನ ರೇಟು, ಇನ್ನೆಲ್ಲೋ ತೆರಿಗೆ. ತಿರುಗುವ ತಟ್ಟೆಯ ಹಾರ್ಡ್ ಡಿಸ್ಕು ದೊಡ್ಡ ಫೈಲನ್ನು ಸೆಕೆಂಡಿಗೆ 100ರಿಂದ 200 ಮೆಗಾಬೈಟ್ ಓದೀತು. ಚದುರಿಬಿದ್ದ ಚಿಕ್ಕ ಚಿಕ್ಕ ತುಂಡುಗಳನ್ನು ಹೆಕ್ಕಬೇಕಾದಾಗ ಅದೇ ಡಿಸ್ಕು 1 ಮೆಗಾಬೈಟಿನ ಸುತ್ತಮುತ್ತ ಇಳಿಯುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ. ಚಿಕ್ಕ ತುಂಡುಗಳಲ್ಲಿ ಅದು ಎಷ್ಟೋ ಪಟ್ಟು ಮುಂದೆ. ಆದ್ದರಿಂದ ಎರಡೂ ಬಗೆಯ ಅಳತೆ ಬೇಕು. ಓದುವ ವೇಗ ಬೇರೆ, ಬರೆಯುವ ವೇಗ ಬೇರೆ, ಅದನ್ನೂ ನೋಡಬೇಕು.

ಅಳತೆಯಲ್ಲೂ ಮೋಸ ಹೋಗಬಹುದು. ಚಿಕ್ಕ ಫೈಲನ್ನು ಎರಡನೇ ಸಲ ಓದಿಸಿದರೆ ಅದು ಡಿಸ್ಕಿನಿಂದ ಬರುವುದೇ ಇಲ್ಲ, ಕಂಪ್ಯೂಟರಿನ ಮೆಮೊರಿಯಿಂದ ಬರುತ್ತದೆ. ಅಂಕಿ ಆಕಾಶಕ್ಕೇರುತ್ತದೆ. ನಕಲು ಮಾಡಿ ನೋಡುವುದಾದರೆ ಫೈಲು ಮೆಮೊರಿಯ ಎರಡು ಪಟ್ಟಾದರೂ ಇರಬೇಕು. ಒಮ್ಮೆ ನೋಡಿದರೆ ಸಾಲದು, ಮೂರು ಸಲ ನೋಡಬೇಕು. ಬೆಳಿಗ್ಗೆಯೂ ನೋಡಬೇಕು, ಸಂಜೆಯ ರಶ್ಶಿನಲ್ಲೂ ನೋಡಬೇಕು.

ಕಳ್ಳ ಸಿಕ್ಕಿದ

ಬಟ್ಟೆ ಅಂಗಡಿಗೆ ಹಣ ಕೊಡುವ ಮೊದಲು ರಿಪೇರಿ ಹುಡುಗನೊಬ್ಬ ಬಂದು ಅಳೆದ. ಕಂಪ್ಯೂಟರಿನ ಒಳಗಿನ ಡಿಸ್ಕನ್ನು ಕ್ರಿಸ್ಟಲ್‌ಡಿಸ್ಕ್‌ಮಾರ್ಕ್‌ನಿಂದ ನೋಡಿದ. ಚೆನ್ನಾಗಿಯೇ ಇತ್ತು. ಡಿಸ್ಕನ್ನು ಮುಟ್ಟದೆ ಬರೀ ದಾರಿಯನ್ನು ಅಳೆಯುವ ಐಪರ್ಫ್3 ಓಡಿಸಿದ. 94 ಮೆಗಾಬಿಟ್ ಬಂತು. ತಂತಿಗಳೆಲ್ಲ ಬಂದು ಸೇರುವ ಸ್ವಿಚ್ ಎಂಬ ಡಬ್ಬಿ ಹಳೆಯ 100ರ ಕಾಲದ್ದು! ಸಂಜೆ ಮತ್ತೆ ಅಳೆದ. ಏಳು ಗಂಟೆಗೆ ಸರಿಯಾಗಿ ದಾರಿ ಪೂರ್ತಿ ಕಟ್ಟಿಕೊಂಡಿತು. ದಿನದ ಲೆಕ್ಕದ ನಕಲು ಡಬ್ಬಕ್ಕೆ ಹೋಗುವ ಹೊತ್ತು ಅದೇ! ಯಾರೋ ಎಂದೋ ಇಟ್ಟ ಹೊತ್ತು, ಯಾರಿಗೂ ನೆನಪಿರಲಿಲ್ಲ.

ನಕಲಿನ ಹೊತ್ತನ್ನು ರಾತ್ರಿ ಹನ್ನೊಂದಕ್ಕೆ ಬದಲಾಯಿಸಿದರು. ಎರಡು ಸಾವಿರದೊಳಗೆ ಗಿಗಾಬಿಟ್ ಸ್ವಿಚ್ ಬಂತು. ನಲವತ್ತು ಸಾವಿರ ಗಲ್ಲಾದಲ್ಲೇ ಉಳಿಯಿತು.

ಎಲ್ಲ ಅಂಗಡಿಯ ರೋಗವೂ ಇದೇ ಅಲ್ಲ. ಒಂದು ಕಡೆ ಡಿಸ್ಕೇ ಸಾಯುತ್ತಿರಬಹುದು. ಇನ್ನೊಂದು ಕಡೆ ಇಲಿ ತಂತಿ ಕಡಿದಿರಬಹುದು. ಗಿಗಾಬಿಟ್‌ಗೆ ಕೇಬಲ್ಲಿನ ಎಂಟೂ ತಂತಿ ಬೇಕು, 100ಕ್ಕೆ ನಾಲ್ಕೇ ಸಾಕು. ಒಂದು ತಂತಿ ತುಂಡಾದರೆ ಹೊಸ ಸ್ವಿಚ್ ಕೂಡ 100ಕ್ಕೆ ಇಳಿಯಬಹುದು. ಅದಕ್ಕೇ ಅಳೆಯಬೇಕು ಅನ್ನುವುದು.

“ಚಿಕ್ಕ ಅಂಗಡಿಗೆ ಇದೆಲ್ಲ ಯಾಕ್ರೀ?” ಎನ್ನುವವರಿದ್ದಾರೆ. ಕಾಲು ಕಿಲೋ ಬೇಳೆ ತೂಗುವ ತಕ್ಕಡಿಗೂ ಸರ್ಕಾರದ ಮುದ್ರೆ ಬೇಕು; 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಇದೆ. ಸಾವಿರಾರು ರೂಪಾಯಿಯ ಡಿಸ್ಕಿಗೆ ಅಂಥ ಮುದ್ರೆ ಇಲ್ಲ. ಪೆಟ್ಟಿಗೆಯ ಮೇಲೆ “550ರವರೆಗೆ” ಎಂದಿರುತ್ತದೆ. ಆ “ವರೆಗೆ” ಎನ್ನುವ ಮಾತಿನೊಳಗೆ 11 ಕೂಡ ಹಿಡಿಸುತ್ತದೆ!

ಆದ್ದರಿಂದ ಅಂಗಡಿಯವರು ಒಂದು ಪದ್ಧತಿ ಇಟ್ಟುಕೊಳ್ಳಲಿ. ಹೊಸದು ಕೊಳ್ಳುವ ಮೊದಲು ಹಳೆಯದನ್ನು ಎದುರಿಗೇ ಅಳೆಸಲಿ. ಕೂರಿಸಿದ ಮೇಲೆ ಮತ್ತೆ ಅಳೆಸಿ, ಎರಡೂ ಅಂಕಿಯನ್ನು ಬಿಲ್ಲಿನ ಹಿಂದೆ ಬರೆಸಿ ಸಹಿ ಹಾಕಿಸಿಕೊಳ್ಳಲಿ. ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಅಳೆದವನ ಕೂಲಿ ಮಾತ್ರ ಪುಕ್ಕಟೆ ಅಲ್ಲ, ಅದನ್ನು ಕೊಡಬೇಕು. ಬರೆಯುವ ಪರೀಕ್ಷೆಗೆ ಮುಂಚೆ ಲೆಕ್ಕದ ಒಂದು ನಕಲು ಬೇರೆ ಕಡೆ ಇರಲಿ.

ಈಗ ಆ ಅಂಗಡಿಯಲ್ಲಿ ಸಂಜೆ ಏಳಕ್ಕೂ ಬಿಲ್ಲು ಚಕಚಕ ಬರುತ್ತದೆ. ಗಿರಾಕಿಗೆ ಬಸ್ಸು ಸಿಗುತ್ತದೆ. ಆದರೆ ತಿಂಗಳುಗಟ್ಟಲೆ ಬೈಸಿಕೊಂಡ ಹುಡುಗಿಗೆ “ತಪ್ಪು ನಿನ್ನದಲ್ಲಮ್ಮಾ” ಎಂದು ಸಾಹುಕಾರರು ಇನ್ನೂ ಹೇಳಿಲ್ಲ. ಅದಕ್ಕೆ ಖರ್ಚೇನೂ ಇಲ್ಲ, ಹೇಳಬೇಕು.