‘ಆರಾಮ ಆತಿಲ್ಲೋ?’ ಎನ್ನುವವರಿಗೆ

ಕಬ್ಬೂರಿನ ಸಂತೆಯಲ್ಲಿ ಕಂಡವರೆಲ್ಲ ನನ್ನನ್ನು ಕೇಳುವ ಪ್ರಶ್ನೆ ಒಂದೇ: ‘ಪೂರಾ ಆರಾಮ ಆತಿಲ್ಲೋ?’ ಆಯಿತೆಂದರೆ ಸುಳ್ಳು. ಆಗಲಿಲ್ಲವೆಂದರೆ ಅದೂ ಸುಳ್ಳು. ನಾನು ಸುಮ್ಮನಿದ್ದರೆ ತೀರ್ಪನ್ನು ಅವರೇ ಕೊಡುತ್ತಾರೆ: ‘ಗಟ್ಟಿಮುಟ್ಟ ಅದೀರಿ. ಇನ್ನ ಆ ಗುಳಗಿ ಬಿಟ್ಟಬಿಡ್ರಿ, ಉಷ್ಣ ಆಗತೈತಿ.’

ಇದು ಪ್ರೀತಿಯ ಮಾತೆಂದು ನಾನು ಬಲ್ಲೆ. ಆದರೆ ಇಂಥ ಪ್ರೀತಿ ಮನುಷ್ಯನ ಪ್ರಾಣ ತೆಗೆಯಬಲ್ಲದು.

ನನಗಿರುವುದು ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರು. ಅಸ್ಥಿಮಜ್ಜೆಯ ಒಂದು ಜೀವಕೋಶದಲ್ಲಿ 9ನೆಯ ಮತ್ತು 22ನೆಯ ವರ್ಣತಂತುಗಳು ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುವುದರಿಂದ ಇದು ಹುಟ್ಟುತ್ತದೆ. 2001ರಲ್ಲಿ ಬಳಕೆಗೆ ಬಂದ ಇಮ್ಯಾಟಿನಿಬ್ ಗುಳಿಗೆ ಆ ಕೇಡಿನ ಕೈಯನ್ನು ಕಟ್ಟಿಹಾಕುತ್ತದೆ. ಗಮನಿಸಿರಿ: ಕಟ್ಟಿಹಾಕುತ್ತದೆ, ಕಿತ್ತುಹಾಕುವುದಿಲ್ಲ. ವೈದ್ಯರು ಇದನ್ನು ‘ರೆಮಿಷನ್’ ಎನ್ನುತ್ತಾರೆ. ನಾವು ಅದನ್ನು ‘ಗುಣ’ವೆಂದು ತಿಳಿದು ಮೋಸ ಹೋಗುತ್ತೇವೆ. ಸರಿಯಾದ ಮಾತು ‘ಉಪಶಮನ’. ಕಬ್ಬು ಬೆಳೆಯುವ ನಮ್ಮೂರಿಗೆ ಇದನ್ನು ಬಿಡಿಸಿ ಹೇಳಬೇಕೆ? ಕಬ್ಬು ಕಡಿದ ಹೊಲ ಬಯಲಾಗಿ ಕಾಣುತ್ತದೆ. ನೆಲದೊಳಗೆ ಕೂಳೆ ಇದ್ದೇ ಇರುತ್ತದೆ.

ನಾನೂ ಒಮ್ಮೆ ಊರವರ ಮಾತು ಕೇಳಿದೆ. ನಾಲ್ಕು ತಿಂಗಳು ಗುಳಿಗೆ ಮುಟ್ಟಲಿಲ್ಲ. ಉಣ್ಣುತ್ತಿದ್ದೆ, ನಿದ್ದೆ ಮಾಡುತ್ತಿದ್ದೆ, ಹೊಲಕ್ಕೆ ಹೋಗಿ ಬರುತ್ತಿದ್ದೆ. ಮೈ ಒಂದು ದೂರನ್ನೂ ಹೇಳಲಿಲ್ಲ. ರಕ್ತ ಹೇಳಿತು. ಬಿಸಿಆರ್-ಎಬಿಎಲ್ ಪರೀಕ್ಷೆಯ ಚೀಟಿಯಲ್ಲಿ ಅಂಕಿ ಏರಿತ್ತು. ಅಂದಿನಿಂದ ನಾನು ಮೈಯ ಮಾತನ್ನೂ ಊರ ಮಾತನ್ನೂ ನಂಬುವುದನ್ನು ಬಿಟ್ಟಿದ್ದೇನೆ.

‘ಹಾಗಾದರೆ ಬಿಟ್ಟವರು ಯಾರೂ ಬದುಕಿಲ್ಲವೋ?’ ಎಂದು ವಾದಿಸುವವರಿದ್ದಾರೆ. ಇದ್ದಾರೆ, ನಿಜ. 2010ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನವೊಂದರಲ್ಲಿ, ಎರಡು ವರ್ಷಕ್ಕೂ ಮಿಕ್ಕಿ ರಕ್ತದಲ್ಲಿ ರೋಗದ ಸುಳಿವೇ ಇರದಿದ್ದವರು ಗುಳಿಗೆ ನಿಲ್ಲಿಸಿದರು. ನೂರಕ್ಕೆ ಸುಮಾರು 40 ಮಂದಿಯಲ್ಲಿ ರೋಗ ಮರಳಲಿಲ್ಲ. ಉಳಿದವರಲ್ಲಿ ಮರಳಿತು, ಅದೂ ಹೆಚ್ಚಾಗಿ ಮೊದಲ ಆರು ತಿಂಗಳಲ್ಲಿ. ಆದರೆ ಅವರ ರಕ್ತವನ್ನು ಮೇಲಿಂದ ಮೇಲೆ ಪರೀಕ್ಷಿಸಲಾಗುತ್ತಿತ್ತು. ರೋಗ ತಲೆಯೆತ್ತಿದೊಡನೆ ಗುಳಿಗೆ ಮತ್ತೆ ಬಾಯಿಗೆ ಬಂತು. ಸಂತೆಯಲ್ಲಿ ನಿಂತು ಬುದ್ಧಿ ಹೇಳುವವರು ಆ ಪರೀಕ್ಷೆಯ ಖರ್ಚನ್ನು ಕೊಡುವರೇ?

ನನ್ನ ನಿಜವಾದ ಜಗಳವಿರುವುದು ಇಲ್ಲಿಯೇ. ನೋವಾರ್ಟಿಸ್ ಕಂಪನಿ ಪೇಟೆಂಟ್ ಕೇಳಿದಾಗ 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ಅದನ್ನು ನಿರಾಕರಿಸಿತು. ಆಗ ಆ ಕಂಪನಿಯ ಗುಳಿಗೆಗೆ ತಿಂಗಳಿಗೆ ಸುಮಾರು 1,20,000 ರೂಪಾಯಿ. ದೇಶೀಯ ಗುಳಿಗೆಗೆ ಹತ್ತು ಸಾವಿರದೊಳಗೆ. ಆ ತೀರ್ಪಿನ ಋಣದಲ್ಲಿ ನನ್ನಂಥವರು ಉಸಿರಾಡುತ್ತಿದ್ದೇವೆ. ಗುಳಿಗೆಯೇನೋ ಕೈಗೆಟುಕಿತು, ಅದು ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ಹೇಳುವ ಪರೀಕ್ಷೆ ಎಟುಕಲಿಲ್ಲ. ಮೂರು ತಿಂಗಳಿಗೊಮ್ಮೆ ನಾನು ಬೆಳಗಾವಿಗೆ ಹೋಗಿ ರಕ್ತ ಕೊಡುತ್ತೇನೆ. ಅದು ಮತ್ತೊಂದು ಶಹರಕ್ಕೆ ಪ್ರಯಾಣ ಮಾಡುತ್ತದೆ. ಒಂದು ಪರೀಕ್ಷೆಗೆ ತೆರುವ ಹಣ ಒಂದು ತಿಂಗಳ ಗುಳಿಗೆಯ ಬೆಲೆಯನ್ನು ಮೀರುತ್ತದೆ. ಹೀಗಾದರೆ ಬಡವನು ಏನು ಮಾಡಿಯಾನು? ಪರೀಕ್ಷೆ ಬಿಡುತ್ತಾನೆ, ಆಮೇಲೆ ಗುಳಿಗೆಯನ್ನೂ ಬಿಡುತ್ತಾನೆ. ಕುರುಡನಿಗೆ ಕೋಲು ಕೊಟ್ಟು ದಾರಿ ಮುಚ್ಚಿದಂತಾಯಿತು.

ಪ್ರತಿ ಜಿಲ್ಲೆಯ ಸರಕಾರಿ ದವಾಖಾನೆಯಲ್ಲಿ ಈ ಪರೀಕ್ಷೆ ಬಿಟ್ಟಿಯಾಗಿ ಆಗಬೇಕು. ಇದು ದಯೆಯ ಬೇಡಿಕೆಯಲ್ಲ. ಗುಳಿಗೆ ಕೊಟ್ಟವರು ಅರ್ಧಕ್ಕೆ ಬಿಟ್ಟ ಕೆಲಸ.

ಇನ್ನು ಸಂತೆಯ ಗೆಳೆಯರಿಗೆ ಒಂದು ಮಾತು. ‘ಆರಾಮ ಆತಿಲ್ಲೋ?’ ಎಂದು ಕೇಳಬೇಡಿರಿ. ‘ಇವತ್ತ ಗುಳಗಿ ತಗೊಂಡ್ರೇನು?’ ಎಂದು ಕೇಳಿರಿ. ಅದಕ್ಕೆ ನಾನು ಸುಳ್ಳಿಲ್ಲದೆ ಉತ್ತರ ಕೊಡಬಲ್ಲೆ.