ಮನೆಯೊಳಗೊಂದು ಕಡಲು

ಕಡಲನ್ನು ಕಾಣದ ಊರಿನಲ್ಲಿ ಬೆಳೆಯುತ್ತಿರುವವರು ನಾವು. ಕೂಕಟ್‌ಪಲ್ಲಿಯಿಂದ ಕಡಲ ತೀರವನ್ನು ಮುಟ್ಟಬೇಕಾದರೆ ರಸ್ತೆಯಲ್ಲಿ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಪಯಣಿಸಬೇಕು. ನಾವು ನಿಂತಿರುವ ನೆಲವೋ ಕಡಲ ಮಟ್ಟಕ್ಕಿಂತ 500 ಮೀಟರಿಗೂ ಮಿಕ್ಕ ಎತ್ತರದಲ್ಲಿದೆ. ನಮ್ಮಲ್ಲಿ ಹಲವರ ಹಿರಿಯರು ಬೀದರ, ಕಲಬುರ್ಗಿ, ರಾಯಚೂರುಗಳ ಕಡೆಯಿಂದ ಬಂದವರು. ಅವರಿಗೂ ಕಡಲೆಂದರೆ ಕಥೆಯಲ್ಲಿ ಕೇಳಿದ ವಸ್ತುವೇ. ಹೀಗಿರುವಾಗ ಈಚೆಗೆ ನಮ್ಮ ಬಡಾವಣೆಯ ಒಂದೆರಡು ಮನೆಗಳಲ್ಲಿ ಪುಟ್ಟ ಕಡಲು ಕಾಣಿಸಿಕೊಂಡಿದೆ. ಗಾಜಿನ ತೊಟ್ಟಿ, ಅದರಲ್ಲಿ ಉಪ್ಪುನೀರು, ಮೇಲೆ ನೀಲಿ ಬೆಳಕು, ಕಲ್ಲಿನ ಸಂದಿಯಲ್ಲಿ ಕಿತ್ತಳೆ ಬಣ್ಣದ ಮೀನು, ಅಲ್ಲಲ್ಲಿ ಹೂವಿನಂತೆ ಅರಳಿದ ಹವಳ. ನೋಡಿದವರ ಕಣ್ಣು ಅಲ್ಲಿಯೇ ನೆಟ್ಟುಹೋಗುತ್ತದೆ. ನಮ್ಮ ಮನೆಯಲ್ಲಿಯೂ ಒಂದಿರಲಿ ಎಂದು ಮಕ್ಕಳು ಹಟ ಹಿಡಿಯುವುದು ಸಹಜವೇ. ಹಾಗೆ ಹಟ ಹಿಡಿದವರಲ್ಲಿ ನಾನೂ ಒಬ್ಬಳು. ಇಂತಹ ತೊಟ್ಟಿಯನ್ನು ಮನೆಯಲ್ಲಿಡುವುದು ಯುಕ್ತವೆ? ಇಡುವುದಾದರೆ ಹೇಗೆ ಇಡಬೇಕು? ಈ ವಿಷಯದಲ್ಲಿ ನನಗೆ ತೋರಿದುದನ್ನು ಸಹಪಾಠಿಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಮೊದಲು ಹವಳವೆಂದರೇನೆಂಬುದನ್ನು ತಿಳಿಯೋಣ. ಅಜ್ಜಿಯ ಕೊರಳಿನ ಹವಳದ ಸರವನ್ನು ಕಂಡಿರುವ ನಾವು ಅದನ್ನು ನವರತ್ನಗಳ ಸಾಲಿಗೆ ಸೇರಿಸಿ ಕಲ್ಲೆಂದೇ ಭಾವಿಸಿರುತ್ತೇವೆ. ಕಡಲಡಿಯ ಗಿಡವೆಂದು ತಿಳಿದವರೂ ಉಂಟು. ಅದು ಕಲ್ಲೂ ಅಲ್ಲ, ಗಿಡವೂ ಅಲ್ಲ. ಪ್ರಾಣಿಗಳು ಕಟ್ಟಿದ ಮನೆ. ದಿಬ್ಬವನ್ನು ಕಟ್ಟುವ ಹವಳದ ಪ್ರಾಣಿ ಬಹು ಚಿಕ್ಕದು. ಅದಕ್ಕೆ ಚೀಲದಂತಹ ಮೈ, ಬಾಯಿಯ ಸುತ್ತ ಎಳೆಎಳೆಯಾದ ಕೈಗಳು. ನೀರಿನಲ್ಲಿ ಕರಗಿರುವ ಸುಣ್ಣದ ಅಂಶವನ್ನು ಹೀರಿಕೊಂಡು ಅದು ತನ್ನ ಕೆಳಗೆ ಗಟ್ಟಿಯಾದ ಬಟ್ಟಲನ್ನು ಕಟ್ಟಿಕೊಳ್ಳುತ್ತದೆ. ಅದರ ಮೈಯೊಳಗೆ ಬರಿಗಣ್ಣಿಗೆ ಕಾಣದ ಪಾಚಿಯ ಕಣಗಳು ವಾಸವಾಗಿವೆ. ಅವು ಬಿಸಿಲಿನ ಬಲದಿಂದ ಆಹಾರವನ್ನು ತಯಾರಿಸಿ, ಅದರಲ್ಲಿ ದೊಡ್ಡ ಪಾಲನ್ನು ಮನೆಯೊಡೆಯನಿಗೆ ಬಾಡಿಗೆಯಂತೆ ಕೊಡುತ್ತವೆ. ಬಂಡೆಯಂತೆ ಗುಂಡಾಗಿ ಬೆಳೆಯುವ ಜಾತಿಗಳು ವರ್ಷಕ್ಕೆ ಹೆಚ್ಚು ಕಡಿಮೆ ಒಂದು ಸೆಂಟಿಮೀಟರು ಮಾತ್ರ ಬೆಳೆಯುತ್ತವೆ. ಆದರೂ ಯುಗಯುಗಗಳ ಈ ದುಡಿಮೆಯಿಂದ ದ್ವೀಪಗಳೇ ಎದ್ದು ನಿಂತಿವೆ. ಈ ದ್ವೀಪಗಳು ಹೇಗೆ ಉಂಟಾದುವೆಂಬುದನ್ನು ಚಾರ್ಲ್ಸ್ ಡಾರ್ವಿನ್ 1842ರಲ್ಲಿಯೇ ಒಂದು ಗ್ರಂಥದಲ್ಲಿ ವಿವರಿಸಿದನು.

ಇಂತಹ ದ್ವೀಪಗಳು ಕನ್ನಡಿಗರಿಗೆ ಅಪರಿಚಿತವಲ್ಲ. ಲಕ್ಷದ್ವೀಪಗಳಲ್ಲಿ ಉತ್ತರದ ಅಮೀನದೀವಿ ಗುಂಪು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದಿತು. ಅಲ್ಲಿಯ ನಾರು, ಕೊಬ್ಬರಿಗಳು ಹಾಯಿ ಹಡಗುಗಳಲ್ಲಿ ಮಂಗಳೂರಿಗೆ ಬರುತ್ತಿದ್ದುವು. ಅದೇ ಹಡಗುಗಳು ಅಕ್ಕಿಯನ್ನು ಹೊತ್ತು ಹಿಂದಿರುಗುತ್ತಿದ್ದುವು. ಉತ್ತರ ಕನ್ನಡದ ಮುರುಡೇಶ್ವರದ ಎದುರಿಗೆ ಕಡಲಿನಲ್ಲಿರುವ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ. ಉಸಿರಿನ ಸಾಧನವನ್ನು ಧರಿಸಿ ಮುಳುಗಿದವರು ಅವುಗಳನ್ನು ಕಣ್ಣಾರೆ ಕಾಣಬಹುದು.

ಈಗ ನಮ್ಮ ಮನೆಯ ಸಂಗತಿಗೆ ಬರುತ್ತೇನೆ. ಕಳೆದ ವರ್ಷ ನನ್ನ ಹಟಕ್ಕೆ ಸೋತು ಅಣ್ಣನು ನೂರು ಲೀಟರಿನ ತೊಟ್ಟಿಯೊಂದನ್ನು ತಂದನು. ನಲ್ಲಿಯ ನೀರನ್ನು ತುಂಬಿ, ಅದಕ್ಕಾಗಿಯೇ ಮಾರುವ ಕಡಲುಪ್ಪಿನ ಪುಡಿಯನ್ನು ಮೂರೂವರೆ ಕಿಲೋದಷ್ಟು ಕದಡಿದೆವು. ಮೂರನೆಯ ದಿನವೇ ಎರಡು ಕ್ಲೌನ್ ಮೀನುಗಳನ್ನು ಬಿಟ್ಟೆವು. ಕ್ಲೌನ್ ಎಂದರೆ ವಿದೂಷಕ. ಅವುಗಳ ಬಣ್ಣದ ಪಟ್ಟೆಗಳಿಗೂ ಕುಣಿಯುವಂತಹ ನಡಿಗೆಗೂ ಹೆಸರು ಒಪ್ಪುತ್ತದೆ. ಮನೆಯವರೆಲ್ಲ ತೊಟ್ಟಿಯ ಮುಂದೆಯೇ ಊಟ ಮಾಡಿದೆವು. ಆರನೆಯ ದಿನ ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಏದತೊಡಗಿದುವು. ಎಂಟನೆಯ ದಿನ ಬೆಳಗ್ಗೆ ಎರಡೂ ಸತ್ತು ತೇಲುತ್ತಿದ್ದುವು. ನಾನು ಅಂಗಡಿಯವನನ್ನು ಬಯ್ದೆ. ಆಗ ನಮ್ಮ ತಂದೆಯವರು, "ಅವನದೇನು ತಪ್ಪು? ಮನೆಗೆ ಬೆಂಕಿ ಹಚ್ಚುವ ಮೊದಲು ಹೊಗೆ ಹೋಗುವ ದಾರಿ ನೋಡಬೇಡವೆ?" ಎಂದರು. ಆ ಮಾತಿನ ಅರ್ಥ ವಿಜ್ಞಾನದ ಪುಸ್ತಕವನ್ನು ತೆರೆದ ಮೇಲೆ ತಿಳಿಯಿತು.

ಮೀನಿನ ಹೊಲಸಿನಿಂದಲೂ ಉಳಿದ ಆಹಾರದಿಂದಲೂ ಅಮೋನಿಯ ಉಂಟಾಗುತ್ತದೆ. ಅದು ಮೀನಿಗೆ ವಿಷ. ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ, ಅದೂ ವಿಷವೇ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟಾಗಿ ಮಾಡುತ್ತವೆ. ಇದರ ಬಾಧೆ ಬಹಳ ಕಡಿಮೆ. ಕಡಲಿನಲ್ಲಿ ಈ ಜಾಡಮಾಲಿಗಳು ಎಲ್ಲೆಡೆಯೂ ಇದ್ದಾರೆ. ಹೊಸ ತೊಟ್ಟಿಯಲ್ಲಿಯಾದರೋ ಅವರು ಇನ್ನೂ ಬಂದಿರುವುದಿಲ್ಲ. ಕಲ್ಲು ಮರಳುಗಳ ಮೇಲೆ ಅವು ನೆಲೆಯೂರಿ ಹೆಚ್ಚಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕು. ಅಲ್ಲಿಯವರೆಗೆ ಮೀನಿಲ್ಲದ ನೀರಿನಲ್ಲಿ ಚಿಟಿಕೆ ಆಹಾರವನ್ನು ಕೊಳೆಯಬಿಟ್ಟು, ಪರೀಕ್ಷೆಯ ದ್ರಾವಣಗಳಿಂದ ಅಮೋನಿಯ ಮತ್ತು ನೈಟ್ರೈಟುಗಳೆರಡೂ ಇಲ್ಲವಾಗುವುದನ್ನು ಕಾಯಬೇಕು. ನಾವು ಕಾದದ್ದು ಮೂರು ದಿನ. ನಮ್ಮ ಅವಸರಕ್ಕೆ ಎರಡು ಜೀವಗಳು ತೆರ ತೆತ್ತುವು.

ನೀರಿನ ವಿಷಯದಲ್ಲಿಯೂ ನಾವು ಎಡವಿದ್ದೆವು. ನಮ್ಮ ನಗರಕ್ಕೆ ನೀರುಣಿಸುವ ನದಿಗಳಲ್ಲಿ ಮಂಜೀರಾ ಒಂದು. ಅದು ಬೀದರ ಜಿಲ್ಲೆಯಲ್ಲಿ ಹರಿದು ಬರುವ ನಮ್ಮ ನದಿಯೇ ಸರಿ. ಆದರೆ ಕುಡಿಯುವ ನೀರಿಗೆ ಕ್ರಿಮಿನಾಶಕ್ಕಾಗಿ ಕ್ಲೋರಿನ್ ಬೆರೆಸಿರುತ್ತಾರೆ. ಅದು ಮೀನಿಗೂ ಆ ಸೂಕ್ಷ್ಮಜೀವಿಗಳಿಗೂ ಹಾನಿಕರ. ಬೋರ್‌ವೆಲ್ಲಿನ ನೀರು ಗಡಸು. ಆದುದರಿಂದ ಬಟ್ಟಿಯಿಳಿಸಿದ ಅಥವಾ ಆರ್‌ಓ ಯಂತ್ರದಲ್ಲಿ ಚೆನ್ನಾಗಿ ಶೋಧಿಸಿದ ನೀರೇ ಆಗಬೇಕು. ಅಡುಗೆಯ ಉಪ್ಪು ಸಲ್ಲದು, ಏಕೆಂದರೆ ಕಡಲ ನೀರಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ ಮೊದಲಾದ ಲವಣಗಳೂ ಇರುತ್ತವೆ. ಒಂದು ಲೀಟರಿಗೆ ಸುಮಾರು 35 ಗ್ರಾಂ ಲವಣವಿರಬೇಕು. ಇನ್ನೊಂದು ಸ್ವಾರಸ್ಯವನ್ನು ಗಮನಿಸಿರಿ: ತೊಟ್ಟಿಯಿಂದ ದಿನದಿನವೂ ಆರಿಹೋಗುವುದು ನೀರು ಮಾತ್ರ, ಉಪ್ಪಲ್ಲ. ಆರಿದ ಜಾಗಕ್ಕೆ ಉಪ್ಪುನೀರನ್ನೇ ಸುರಿಯುತ್ತ ಹೋದರೆ ತೊಟ್ಟಿ ಉಪ್ಪಿನ ಮಡಿಯಾದೀತು. ಅಲ್ಲಿಗೆ ಸೇರಿಸಬೇಕಾದುದು ಸಿಹಿನೀರು.

ಇವೆಲ್ಲವೂ ಕಲಿತರೆ ಬರುವ ವಿದ್ಯೆಗಳು. ಹವಳವನ್ನು ಸಾಕುವುದು ಮಾತ್ರ ಇದಕ್ಕಿಂತ ಬಹಳ ಕಷ್ಟ. ಅದಕ್ಕೆ 25 ಡಿಗ್ರಿಯ ಆಸುಪಾಸಿನ ಉಷ್ಣತೆ, ಹಗಲಿನಂತಹ ಪ್ರಖರ ಬೆಳಕು, ಅಲೆಯಂತಹ ನೀರಿನ ಚಲನೆ ಬೇಕು. ನಮ್ಮ ಊರಿನ ಬೇಸಗೆಯಲ್ಲಿ ಬಿಸಿಲು 40 ಡಿಗ್ರಿಯನ್ನು ದಾಟುವುದುಂಟು. ನೀರನ್ನು ತಂಪುಗೊಳಿಸುವ ಯಂತ್ರ ಹಗಲಿರುಳೂ ನಡೆಯಬೇಕು. ವಿದ್ಯುತ್ತು ಕೆಲವು ಗಂಟೆ ನಿಂತರೂ ಅಪಾಯ. ದಸರಾ ರಜೆಯಲ್ಲಿ ಊರಿಗೆ ಹೊರಟರೆ ಅದನ್ನು ನೋಡಿಕೊಳ್ಳುವವರಾರು? ಕಡಲಿನಲ್ಲಿಯೇ ನೀರು ವಾಡಿಕೆಯ ಬೇಸಗೆಗಿಂತ ಒಂದು ಡಿಗ್ರಿಯಷ್ಟು ಹೆಚ್ಚಾಗಿ ಕೆಲವು ವಾರ ಹಾಗೆಯೇ ನಿಂತರೆ, ಹವಳವು ತನ್ನೊಳಗಿನ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. ಬಿಸಿ ಇಳಿಯದಿದ್ದರೆ ಹಸಿದು ಸಾಯುತ್ತದೆ. ಲಕ್ಷದ್ವೀಪದ ಹವಳಗಳು 1998, 2010, 2016 ಮತ್ತು 2024ರಲ್ಲಿ ಈ ಸಂಕಟವನ್ನು ಅನುಭವಿಸಿದುವು. ಅಷ್ಟು ದೊಡ್ಡ ಕಡಲೇ ಕಾಪಾಡಲಾರದುದನ್ನು ನಮ್ಮ ನೂರು ಲೀಟರಿನ ತೊಟ್ಟಿ ಕಾಪಾಡೀತೆ?

ಕಾನೂನಿನ ಮಾತೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಎಲ್ಲ ಹವಳಗಳನ್ನೂ ಕಡಲ ಕುದುರೆಗಳನ್ನೂ ಸೇರಿಸಲಾಯಿತು. ಹುಲಿಯ ಹೆಸರಿರುವುದೂ ಅದೇ ಅನುಸೂಚಿಯಲ್ಲಿ. ಮನೆಯಲ್ಲಿ ಹುಲಿಮರಿಯನ್ನು ಕಟ್ಟಿ ಸಾಕಲು ಯಾರೂ ಯೋಚಿಸುವುದಿಲ್ಲ. ನಮ್ಮ ಕಡಲಿನಿಂದ ಕಿತ್ತ ಹವಳದ ತುಂಡನ್ನು ಮಾತ್ರ ಅಲಂಕಾರವೆಂದು ಕೊಳ್ಳಲು ಹಿಂಜರಿಯುವುದಿಲ್ಲ. ಇದು ಅರಿಯದೆ ಮಾಡುವ ತಪ್ಪು. ಅರಿತ ಮೇಲೆ ಮಾಡಬಾರದು.

ಹಾಗಾದರೆ ಮೀನಿನ ತೊಟ್ಟಿಯೇ ಬೇಡವೆ? ಅದು ಸೆರೆಮನೆ, ಅದನ್ನು ಇಡುವುದೇ ಪಾಪ ಎನ್ನುವವರಿದ್ದಾರೆ. ಅವರ ಕರುಣೆ ದೊಡ್ಡದು; ಆದರೆ ನಾನು ಪೂರ್ತಿಯಾಗಿ ಒಪ್ಪಲಾರೆ. ಕಣ್ಣಿನಿಂದ ಕಾಣದುದನ್ನು ಮನಸ್ಸು ಪ್ರೀತಿಸುವುದು ಅಪರೂಪ. ಮದರಾಸಿನಲ್ಲಿ 1909ರಲ್ಲಿಯೂ ಮುಂಬಯಿಯಲ್ಲಿ 1951ರಲ್ಲಿಯೂ ಸಾರ್ವಜನಿಕ ಮತ್ಸ್ಯಾಲಯಗಳನ್ನು ತೆರೆದುದರಿಂದ ಎಷ್ಟೋ ಜನರಿಗೆ ಕಡಲೊಳಗಿನ ಜೀವನದ ಪರಿಚಯವಾಯಿತು. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲಿಯೇ ಮರಿಮಾಡಿಸುವ ವಿಧಾನವನ್ನು ಸಿದ್ಧಪಡಿಸಿದ್ದಾರೆ. ಹಾಗೆ ಹುಟ್ಟಿದ ಮರಿಗಳನ್ನು ತಂದರೆ ಕಡಲು ಬಡವಾಗುವುದಿಲ್ಲ.

ಆದುದರಿಂದ ನನ್ನ ಅಭಿಪ್ರಾಯವಿಷ್ಟು: ಮನೆಮನೆಯಲ್ಲಿ ಒಂದೊಂದು ಕಡಲು ಬೇಡ, ಶಾಲೆಗೊಂದು ಸಾಕು. ನಮ್ಮ ವಿಜ್ಞಾನದ ಕೊಠಡಿಯಲ್ಲಿ ಒಂದು ತೊಟ್ಟಿಯಿರಲಿ. ಅದರಲ್ಲಿ ಮನುಷ್ಯರೇ ಮಾಡಿದ ಕಲ್ಲು, ತೊಟ್ಟಿಯಲ್ಲಿ ಹುಟ್ಟಿದ ಎರಡು ಮೀನು ಇದ್ದರೆ ಸಾಕು; ಹವಳ ಬೇಡ. ಆರು ವಾರ ಬರಿಯ ನೀರನ್ನೇ ಪರೀಕ್ಷಿಸುತ್ತ, ಅಂಕಿಗಳನ್ನು ಬರೆದಿಡುತ್ತ ನಾವು ಕಾಯೋಣ. ರಜೆಯಲ್ಲಿ ಸರದಿಯ ಮೇಲೆ ಬಂದು ನೋಡಿಕೊಳ್ಳೋಣ. ಒಬ್ಬರ ಮನೆಯಲ್ಲಿ ವೈಭವವಾಗುವುದು ಶಾಲೆಯಲ್ಲಿ ಪಾಠವಾಗುತ್ತದೆ. ಹವಳವನ್ನು ಕಾಣುವ ಆಸೆಯುಳ್ಳವರು ಮುಂದೆ ಎಂದಾದರೂ ನೇತ್ರಾಣಿಗೆ ಹೋಗಿ, ಅದರ ಮನೆಯಲ್ಲಿಯೇ ಅದನ್ನು ಕಂಡು ಬರಲಿ.

ಕೊನೆಯದಾಗಿ ಒಂದು ಮಾತು. ಕಡಲು ನಮಗೆ ದೂರವೆಂದು ಮೊದಲು ಹೇಳಿದೆನಷ್ಟೆ? ಅದು ಅರ್ಧ ಸತ್ಯ. ಕೂಕಟ್‌ಪಲ್ಲಿಯ ನಾಲೆ ಹುಸೇನ್ ಸಾಗರವನ್ನು ಸೇರುತ್ತದೆ. ಅಲ್ಲಿಂದ ಹೊರಬಿದ್ದ ನೀರು ಮೂಸಿಯನ್ನೂ, ಮೂಸಿ ಕೃಷ್ಣೆಯನ್ನೂ, ಕೃಷ್ಣೆ ಬಂಗಾಳ ಕೊಲ್ಲಿಯನ್ನೂ ಸೇರುತ್ತವೆ. ನಮ್ಮ ಬಚ್ಚಲಿನ ಕೊಳೆಗೂ ಬೀದಿಯಲ್ಲಿ ಎಸೆದ ಪ್ಲಾಸ್ಟಿಕ್ ಚೀಲಕ್ಕೂ ಕಡಲಿನ ದಾರಿ ಚೆನ್ನಾಗಿ ಗೊತ್ತಿದೆ. ತೊಟ್ಟಿಯ ನೀರಿನಲ್ಲಿ ಕಣದಷ್ಟು ಅಮೋನಿಯ ಹೆಚ್ಚಾದರೆ ಹೌಹಾರುವ ನಾವು ಆ ನಾಲೆಯ ಕಡೆಗೂ ಒಮ್ಮೆ ನೋಡಬೇಡವೆ? ಎರಡು ಮೀನುಗಳನ್ನು ಕೊಂದು ನಾನು ಕಲಿತ ಪಾಠವಿದು. ನನ್ನ ಸಹಪಾಠಿಗಳು ಒಂದನ್ನೂ ಕೊಲ್ಲದೆ ಇದನ್ನು ಕಲಿಯಲೆಂದು ಹಾರೈಸುತ್ತೇನೆ.